ಕಲ್ಲಿನಲ್ಲಿ ಹೆಸರಿತ್ತು, ಕಡತದಲ್ಲಿ ಶೇಕಡಾ ಮಾತ್ರ

ಸೈನಿಕನಿಗೆ ನೆಲ ಕೊಡೋದು ಇವತ್ತಿನ ಸರ್ಕಾರದ ಔದಾರ್ಯ ಅಂದುಕೊಂಡಿದ್ದೀರಾ ವೀಕ್ಷಕರೇ? ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ನೋಡಿ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಎರಡು ಹಳ್ಳಿ ಕೊಟ್ಟರು ಅನ್ನೋದೇ ಅದರ ಸುದ್ದಿ. ಆ ದತ್ತಿಯ ಹೆಸರು ಬಾಳ್ಗಳ್ಚು, ಅಂದ್ರೆ ಕತ್ತಿ ತೊಳೆಯುವುದು. ಮಡಿದವನ ಮನೆಯವರಿಗೆ ಕೊಟ್ಟರೆ ಅದು ನೆತ್ತರುಗೊಡಗೆ. ಯಾರಿಗೆ, ಯಾವ ಊರು, ಎರಡನ್ನೂ ಕಲ್ಲಲ್ಲೇ ಕೊರೆದರು.

ಈಗ 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಿಗೆ ಬನ್ನಿ. ಹಂಚುವ ಸರ್ಕಾರಿ ಜಮೀನಿನಲ್ಲಿ ಶೇ. 10 ಸೈನಿಕರಿಗೆ, ಮಾಜಿ ಸೈನಿಕರಿಗೆ. ಒಳ್ಳೇದೇ. ಆದರೆ ಯಾವುದರ ಶೇ. 10? ಹಳೆಯ ರಾಜಧಾನಿ ಬಾರ್ಕೂರು ಇರುವ ಬ್ರಹ್ಮಾವರ 2018ರಲ್ಲಿ ತಾಲೂಕಾಯಿತು. ಈ ಕರಾವಳಿಯಲ್ಲಿ ಒಂದು ಕಡೆ ಡೀಮ್ಡ್ ಫಾರೆಸ್ಟ್, ಇನ್ನೊಂದು ಕಡೆ ಕುಮ್ಕಿ. ಹಂಚೋಕೆ ನೆಲವೇ ಇಲ್ಲದಿದ್ದರೆ ಅದು ಸೊನ್ನೆಯ ಶೇ. 10!

ಅಮೆರಿಕದ ನ್ಯೂ ಓರ್ಲಿಯನ್ಸ್ ನಗರದಲ್ಲಿ ಮಾಜಿ ಸೈನಿಕರು ಬೀದಿಯಲ್ಲೇ ಮಲಗುತ್ತಿದ್ದರು. ಮೇಯರ್ ಮಿಚ್ ಲ್ಯಾಂಡ್ರೂ 2014ರ ಕೊನೆಯ ಗಡುವು ಹಾಕಿಕೊಂಡರು. ಒಬ್ಬೊಬ್ಬರನ್ನೇ ಹುಡುಕಿ 227 ಮಂದಿಗೆ ಸೂರು ಕೊಟ್ಟರು.

ನಾನು ಕೇಳೋದು ಇಷ್ಟೇ. ಗ್ರಾಮ ಪಂಚಾಯಿತಿಯ ನಿವೇಶನರಹಿತರ ಪಟ್ಟಿಯಲ್ಲಿ ಮಾಜಿ ಸೈನಿಕರು ಯಾರ್ಯಾರು? ಅವರಿಗೆ ಯಾವ ಸರ್ವೆ ನಂಬರು, ಯಾವ ತಾರೀಕಿನೊಳಗೆ? ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ನಿಂತು ಕೇಳಿ. ಶೇಕಡಾ ಹೇಳಿದರೆ ಕೂರಬೇಡಿ, ಹೆಸರು ಓದಿಸಿ.