ಎರಡನೇ ಸಲ ಗೆಲ್ಲೋದು ಯಾಕಿಷ್ಟು ಕಷ್ಟ?

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಕ್ರಿಕೆಟ್, ವಾಲಿಬಾಲ್, ಕಬಡ್ಡಿಗೆ ಸೇರುವಷ್ಟು ಜನ ಫುಟ್‌ಬಾಲಿಗೆ ಸೇರುವುದಿಲ್ಲ. ಇರುವ ಕೆಲವೇ ಅಭಿಮಾನಿಗಳಿಗೆ 2023ರ ಮಾರ್ಚ್ 4 ಮರೆಯುವ ದಿನವಲ್ಲ. ಅಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ಕಾಯುವಿಕೆ ಮುಗಿಯಿತು. ಮರುದಿನದಿಂದಲೇ ಇನ್ನೊಂದು ಪ್ರಶ್ನೆ ಶುರು: ಮುಂದಿನ ಸಲವೂ ಗೆಲ್ತಾರಾ?

ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಆಗಿದ್ದ ಕಾಲದಲ್ಲಿ ಈ ಟ್ರೋಫಿ ನಾಲ್ಕು ಸಲ ಬಂದಿತ್ತು: 1946–47, 1952–53, 1967–68, 1968–69. ನಾಲ್ಕೂ ಸಲ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಕೊನೆಯ ಎರಡು ವರ್ಷ ನೋಡಿ, ಸತತ ಗೆಲುವು. ಮೊದಲನೆಯದು ಕಟಕ್‌ನಲ್ಲಿ, ಎರಡನೆಯದು ನಮ್ಮ ಬೆಂಗಳೂರಲ್ಲೇ. ಅದೊಂದು ಸಲ ಬಿಟ್ಟರೆ ನಾವು ಪಟ್ಟ ಉಳಿಸಿಕೊಂಡ ಉದಾಹರಣೆಯೇ ಇಲ್ಲ.

ಆ ಕಾಲದ ಬೆಂಗಳೂರಿನಲ್ಲಿ ಫುಟ್‌ಬಾಲ್ ಆಡುವವನಿಗೆ ಹೊಟ್ಟೆಪಾಡಿಗೊಂದು ದಾರಿ ಇತ್ತು. ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳಿಗೆ ತಮ್ಮದೇ ತಂಡಗಳಿದ್ದವು. ಸೇನೆಯ ಎಂಇಜಿ ತಂಡವೂ ಇತ್ತು. ಆಟದಿಂದ ಕೆಲಸ, ಕೆಲಸದಿಂದ ಸಂಬಳ. ಹಾಗಂತ ಎಲ್ಲರೂ ಇಲ್ಲೇ ಉಳಿದರು ಎಂದೇನೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್, 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಇಬ್ಬರೂ ಕೋಲ್ಕತ್ತದ ಮೋಹನ್ ಬಾಗಾನ್‌ಗೆ ಆಡಿದವರು. ಆದರೂ ಒಬ್ಬ ಹೋದರೆ ಆ ಜಾಗಕ್ಕೆ ಇನ್ನೊಬ್ಬನನ್ನು ತಯಾರು ಮಾಡುವ ಶಕ್ತಿ ಊರಿಗಿತ್ತು.

ಈಗ ಲೆಕ್ಕ ಬೇರೆ. ಐಎಸ್‌ಎಲ್‌ನ ದೊಡ್ಡ ಹೆಸರುಗಳು ಸಂತೋಷ್ ಟ್ರೋಫಿಯಲ್ಲಿ ಕಾಣುವುದಿಲ್ಲ. ಇಲ್ಲಿ ಚೆನ್ನಾಗಿ ಆಡಿದ ಹುಡುಗನಿಗೆ ಇದು ಮೇಲಕ್ಕೆ ಹತ್ತುವ ಮೆಟ್ಟಿಲು. ಅವನು ಹತ್ತಲೇಬೇಕು, ತಪ್ಪಲ್ಲ. ಆದರೆ ರಾಜ್ಯ ತಂಡವನ್ನು ಪ್ರತಿ ವರ್ಷ ಹೊಸದಾಗಿ ಕಟ್ಟಬೇಕಾಗುತ್ತದೆ. 2024ರಲ್ಲಿ ಅರುಣಾಚಲ ಪ್ರದೇಶದಲ್ಲಿ ನಡೆದ ಅಂತಿಮ ಸುತ್ತಿನಲ್ಲಿ ಹಾಲಿ ಚಾಂಪಿಯನ್ ಕರ್ನಾಟಕ ಕ್ವಾರ್ಟರ್ ಫೈನಲ್ಲಿಗೂ ಹೋಗಲಿಲ್ಲ.

ಆ ವರ್ಷ ಗೆದ್ದದ್ದು ಯಾರು? ಸರ್ವಿಸಸ್. ಇದೇ ತಂಡ 2011–12 ಮತ್ತು 2012–13ರಲ್ಲಿ, ಮತ್ತೆ 2014–15 ಮತ್ತು 2015–16ರಲ್ಲಿ ಸತತವಾಗಿ ಗೆದ್ದಿದೆ. ಅದರ ಆಟಗಾರರು ಸೇನೆಯ ನೌಕರರು. ತಿಂಗಳ ಸಂಬಳವಿದೆ, ಒಟ್ಟಿಗೆ ಇರುತ್ತಾರೆ, ಒಟ್ಟಿಗೆ ಆಡುತ್ತಾರೆ. ನಮ್ಮ ಕಾರ್ಖಾನೆ ತಂಡಗಳು ಒಂದು ಕಾಲದಲ್ಲಿ ಕೊಟ್ಟದ್ದು ಇದನ್ನೇ.

ತಂಡ ಹಾಗೇ ಉಳಿದರೂ ಪಟ್ಟ ಉಳಿಯುತ್ತದೆ ಎಂಬ ಖಾತ್ರಿಯಿಲ್ಲ. ಹುಟ್ಟಿದ ವರ್ಷವೇ, ಅಂದರೆ 2013–14ರಲ್ಲಿ, ಐ-ಲೀಗ್ ಗೆದ್ದ ಬೆಂಗಳೂರು ಎಫ್‌ಸಿಗೆ ಮರುವರ್ಷವೂ ಅದೇ ನಾಯಕ ಸುನಿಲ್ ಛೆಟ್ರಿ, ಅದೇ ಕೋಚ್ ಆಶ್ಲಿ ವೆಸ್ಟ್‌ವುಡ್. 2015ರ ಮೇ 31ರಂದು ಕಂಠೀರವದಲ್ಲಿ ಕೊನೆ ಪಂದ್ಯ. ಗೆದ್ದರೆ ಪಟ್ಟ ನಮ್ಮದು, ಡ್ರಾ ಆದರೆ ಮೋಹನ್ ಬಾಗಾನ್‌ನದು. 1–0 ಮುಂದಿದ್ದೆವು. ಕೊನೆಯ ನಿಮಿಷಗಳಲ್ಲಿ ಬೆಲ್ಲೊ ರಜಾಕ್ ತಲೆಕೊಟ್ಟು ಗೋಲು ಹೊಡೆದ, 1–1. 2019ರ ಮಾರ್ಚ್‌ನಲ್ಲಿ ಐಎಸ್‌ಎಲ್ ಗೆದ್ದ ಮೇಲೂ ಹಾಗೇ ಆಯಿತು. ಮುಂದಿನ ಸಲ ಸೆಮಿಫೈನಲ್‌ನಲ್ಲಿ ಎಟಿಕೆ ದಾರಿ ಮುಚ್ಚಿತು.

ಎರಡೂ ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಸ್ಪಷ್ಟ. ಒಟ್ಟಿಗೆ ಉಳಿದ ತಂಡ ಕೊನೆಯ ಪಂದ್ಯದ ಕೊನೆಯ ನಿಮಿಷದವರೆಗೂ ಪೈಪೋಟಿಯಲ್ಲಿತ್ತು, ಅಲ್ಲಿಂದಾಚೆಗಿನದು ಅದೃಷ್ಟ. ಹೊಸದಾಗಿ ಕಟ್ಟಬೇಕಾದ ತಂಡ ಗುಂಪಿನ ಹಂತದಲ್ಲೇ ಗಂಟುಮೂಟೆ ಕಟ್ಟಿತು.

ಹಾಗಾಗಿ ಕರ್ನಾಟಕ ಮತ್ತೆ ಚಾಂಪಿಯನ್ ಆದಾಗ, ಮುಂದಿನ ಸಲದ ಭವಿಷ್ಯ ಕೇಳುವವರಿಗೆ ನನ್ನದೊಂದು ಸಲಹೆ: ಗೋಲು ಹೊಡೆದವರು ಯಾರು ಅಂತ ನೋಡುವ ಮೊದಲು, ಆ ಹುಡುಗರಿಗೆ ಇಲ್ಲಿ ಕೆಲಸ ಕೊಟ್ಟವರು ಯಾರು ಅಂತ ನೋಡಿ.