ಹೆಬ್ಬೆರಳಿನ ನೀರು

ಶಂಕರಘಟ್ಟದಲ್ಲಿ ನಾನು ಪುಟಾಣಿಗಳಿಗೆ ಅಕ್ಷರ ತಿದ್ದಿಸುತ್ತಿದ್ದ ಕಾಲ. ಕಿವಿ ಕೇಳದ ಹುಡುಗನೊಬ್ಬ ಬರುತ್ತಿದ್ದ. ನೀರು ಬೇಕಾದಾಗ ಹೆಬ್ಬೆರಳನ್ನು ಬಾಯಿಗೆ ತೋರಿಸುವನು. "ಕೈ ಕಟ್ಟು, ಬಾಯಿಬಿಟ್ಟು ಹೇಳು" ಎಂದು ಗದರಿಸುತ್ತಿದ್ದೆ. ಸನ್ನೆ ರೂಢಿಯಾದರೆ ಮಾತೇ ಬಾರದೆಂದು ತಿಳಿದವರು ಹೇಳಿದ್ದರು. ಅವನ ತಾಯಿಗೂ ಅದನ್ನೇ ಒಪ್ಪಿಸಿಬಿಟ್ಟೆನಲ್ಲ!

ಮುಂದೆ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದೆ. ಅಲ್ಲಿನ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಹೇಳುವವರ ಪಕ್ಕ ಹೆಂಗಸೊಬ್ಬಳು ನಿಂತು, ಕಾಸು ಮುಟ್ಟದೆ, ಅದೇ ಕಥೆಯನ್ನು ಕೈಯಲ್ಲಿ ಹೇಳುತ್ತಿದ್ದಳು. ಕಿವಿ ಕೇಳದ ಮಕ್ಕಳೂ ಉಳಿದವರ ಜೊತೆಗೇ ನಕ್ಕವು. ಆಕೆಯೂ ನನ್ನಂತೆ ಚಿಕ್ಕ ಮಕ್ಕಳ ಟೀಚರು. ನಾಲ್ಕಾರು ಸನ್ನೆ ಕಲಿಸಿದಳು, ಮಿಲಾನಿನ ಸುದ್ದಿಯನ್ನೂ ಹೇಳಿದಳು.

1880ರಲ್ಲಿ ಇಟಲಿಯ ಆ ಊರಿನಲ್ಲಿ ಕಿವುಡರಿಗೆ ಕಲಿಸುವವರು ಸಭೆ ಸೇರಿ, ಮಾತೇ ಮೇಲು, ಸನ್ನೆ ಬೇಡವೆಂದು ಠರಾವು ಮಾಡಿದರಂತೆ. 164 ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ! ಆಮೇಲೆ ಎಷ್ಟೋ ಶಾಲೆಗಳಲ್ಲಿ ಸನ್ನೆ ಮಾಡಿದ ಕೈಗೆ ಪೆಟ್ಟು. ಕಿವುಡ ಮೇಷ್ಟ್ರುಗಳಿಗೆ ಕೆಲಸ ಹೋಯಿತು. ಅಂಥದೇ ಸಮ್ಮೇಳನ ಆ ಠರಾವನ್ನು ತಳ್ಳಿಹಾಕಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಕೇಂದ್ರ ಶುರುವಾದದ್ದು 2015ರಲ್ಲಿ. ಮಿಲಾನಿನ ಮಾತು ಶಂಕರಘಟ್ಟದಲ್ಲಿ ನನ್ನ ಬಾಯಿಂದ ಬಂದಿತ್ತು!

ಕಳೆದ ವರ್ಷ ಭದ್ರಾವತಿ ಬಸ್ ನಿಲ್ದಾಣದಲ್ಲಿ ಆ ಹುಡುಗ ಸಿಕ್ಕ. ಈಗ ಎರಡು ಮಕ್ಕಳ ತಂದೆ. ಕಲಿತು ಬಂದ ಸನ್ನೆಯಲ್ಲಿ ಕ್ಷೇಮ ವಿಚಾರಿಸಿದೆ. ಪಾಪ, ಕಣ್ಣು ಕಣ್ಣು ಬಿಟ್ಟ. ಅದು ಅಮೆರಿಕದ ಸನ್ನೆ. ದೇಶಕ್ಕೊಂದು ಭಾಷೆಯಿರುವಂತೆ ಸನ್ನೆಯೂ ಬೇರೆ. ಕೊನೆಗೆ ಹೆಬ್ಬೆರಳನ್ನು ಬಾಯಿಗೆ ತೋರಿಸಿದೆ. ನಕ್ಕುಬಿಟ್ಟ. ಚೀಲದಿಂದ ನೀರಿನ ಬಾಟಲಿ ತೆಗೆದುಕೊಟ್ಟ.