ಪಂಚಪತ್ಮಲಿ: ಅಲ್ಯುಮಿನಿಯಂ ಹುಟ್ಟುವ ಬೆಟ್ಟ

ಕೆಂಗಂದು ಬಣ್ಣ, ಮೈಯೆಲ್ಲ ಸಣ್ಣ ಸಣ್ಣ ತೂತು, ಮುಟ್ಟಿದರೆ ಬೆರಳಿಗೆ ಹತ್ತುವ ಪುಡಿ. ಇದೇ ಅಲ್ಯುಮಿನಿಯಂ ಅದಿರು ಬಾಕ್ಸೈಟ್. ಒಡಿಶಾದ ಕೊರಾಪುಟ್ ಜಿಲ್ಲೆಯ ಪಂಚಪತ್ಮಲಿ ಬೆಟ್ಟದ ಚಪ್ಪಟೆ ನೆತ್ತಿಯಲ್ಲಿ, ಲ್ಯಾಟರೈಟ್ ಹೊದಿಕೆಯಡಿ ಇದು ಹಾಸಾಗಿ ಹರಡಿದೆ. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸಿಲಿಕಾವನ್ನು ತೊಳೆದೊಯ್ದು ಅಲ್ಯುಮಿನಿಯಂ ಅಂಶವನ್ನು ಉಳಿಸಿದೆ.

1970ರ ದಶಕದಲ್ಲಿ ಪೂರ್ವ ಕರಾವಳಿಯ ಬೆಟ್ಟಗಳಲ್ಲಿ ಪತ್ತೆಯಾದ ಭಾರೀ ನಿಕ್ಷೇಪ ದೇಶದ ಅಲ್ಯುಮಿನಿಯಂ ಉದ್ಯಮದ ದಿಕ್ಕನ್ನೇ ಬದಲಿಸಿತು. 1981ರಲ್ಲಿ ಸರ್ಕಾರಿ ಸ್ವಾಮ್ಯದ ಅಲ್ಯುಮಿನಿಯಂ ಕಂಪನಿ ನಾಲ್ಕೊ ಸ್ಥಾಪನೆಯಾಯಿತು. ಫ್ರಾನ್ಸಿನ ಪೆಶಿನೆ ಕಂಪನಿ ತಂತ್ರಜ್ಞಾನ ಒದಗಿಸಿತು. ಬೆಟ್ಟದಲ್ಲಿ ಅಗೆದ ಅದಿರು 14.6 ಕಿ.ಮೀ. ಉದ್ದದ ಕನ್ವೇಯರ್ ಬೆಲ್ಟ್ ಮೇಲೆ ದಾಮನ್‌ಜೋಡಿಯ ಕಾರ್ಖಾನೆಗೆ ಇಳಿಯುತ್ತದೆ. ಅಲ್ಲಿ ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ, ಸೋಸಿ, ಹರಳುಗಟ್ಟಿಸಿ ಸುಟ್ಟ ಮೇಲೆ ಕೈಗೆ ಬರುವುದು ಸಕ್ಕರೆಯಂಥ ಬಿಳಿ ಅಲ್ಯುಮಿನಾ.

ಅದನ್ನು ಲೋಹವಾಗಿಸಲು ವಿದ್ಯುತ್ ಬೇಕು, ಒಂದು ಟನ್ ಲೋಹಕ್ಕೆ 13,000 ಯೂನಿಟ್‌ಗೂ ಹೆಚ್ಚು! ಅದಕ್ಕೇ ಲೋಹ ತೆಗೆಯುವ ಸ್ಮೆಲ್ಟರ್ ಇರುವುದು ವಿದ್ಯುತ್ತಿಗೆ ಬೇಕಾದ ಕಲ್ಲಿದ್ದಲು ಸಿಗುವ ಒಡಿಶಾದ ಅಂಗುಲ್‌ನಲ್ಲಿ.

ಈ ಯೋಜನೆಗಾಗಿ ಆದಿವಾಸಿ ಕುಟುಂಬಗಳು ಹೊಲ ಮನೆ ಕಳೆದುಕೊಂಡವು. ಲೋಹದ ಲೆಕ್ಕದಲ್ಲಿ ಅದೂ ಸೇರಲೇಬೇಕು. ಅದಿರಿನಿಂದ ಉಳಿಯುವ ಕ್ಷಾರಯುಕ್ತ ಕೆಸರನ್ನೂ ಜೋಪಾನವಾಗಿ ಕಾಯಬೇಕು.

ನಮ್ಮ ಬೆಳಗಾವಿಯಲ್ಲೂ ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆಯುವ ಹಿಂಡಾಲ್ಕೊ ಕಾರ್ಖಾನೆಯಿದೆ. ಅಲ್ಲಿ ತಯಾರಾಗುವ ವಿಶೇಷ ಬಗೆಯ ಅಲ್ಯುಮಿನಾ ಪಿಂಗಾಣಿ ಮತ್ತು ಕುಲುಮೆ ಇಟ್ಟಿಗೆಗಳಿಗೆ ಬಳಕೆಯಾಗುತ್ತದೆ.